ಪಿಕಪ್ಪಿನ ತಳಕ್ಕೆ ಏನು ಹಾಕುವುದು

ಶಿರ್ತಾಡಿ
4 ಆಗಸ್ಟ್ 2024

ಅಪ್ಪನಿಗೆ,

ಫೋನಿನಲ್ಲಿ ಕಿರುಚಿ ನನಗೆ ಸಾಕಾಯಿತು. ಕೇಳಿಸದೆ ನಿಮಗೂ ಸಾಕಾಗಿರಬಹುದು. ಅಮ್ಮನ ಹತ್ತಿರ ಹೇಳಿದರೆ ಅವರು ನಿಮಗೆ ಅರ್ಧ ಮಾತ್ರ ಮುಟ್ಟಿಸುತ್ತಾರೆ, ಬೇಸರ ಆಗುವ ಅರ್ಧವನ್ನು ನುಂಗಿಬಿಡುತ್ತಾರೆ. ಹಾಗಾಗಿ ಕಾಗದ. ತುಳುವಿನಲ್ಲಿ ಜಗಳವಾಡಿ ಅಭ್ಯಾಸವಾದವಳಿಗೆ ಕನ್ನಡದಲ್ಲಿ ಸಿಟ್ಟು ಬರೆಯುವುದು ಕಷ್ಟ, ಶಾಲೆಯ ಪ್ರಬಂಧದ ಹಾಗೆ ಆಗುತ್ತದೆ. ಆದರೂ ಬರೆಯುತ್ತೇನೆ.

ಪಿಕಪ್ ಬಂದ ದಿನ ನೀವು ವಾಮದಪದವಿನಿಂದ ಬಸ್ಸು ಬದಲಿಸಿ ಬದಲಿಸಿ ಬಂದಿರಿ. ಪೂಜೆ ಮುಗಿಯುವವರೆಗೆ ನಿಂತಿರಿ. ಆಮೇಲೆ ಹಿಂದಿನ ಬಾಡಿಯ ತಳಕ್ಕೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು, "ತಗಡು ತೆಳು" ಎಂದಿರಿ. ಅಷ್ಟೆ. ಊಟವನ್ನೂ ಮಾಡದೆ ಹೊರಟಿರಿ. ನನ್ನ ಹೆಸರಿನಲ್ಲಿ ಬಂದ ಮೊದಲ ವಾಹನ ಅಪ್ಪ ಅದು.

ಮಳೆಗಾಲದ ನಿಷೇಧ ಮುಗಿದು ಮೊನ್ನೆ ಮೀನುಗಾರಿಕೆ ಪುನಃ ಶುರುವಾಯಿತು. ನಾನು ಮಂಗಳೂರು ಬಂದರಿನ ಧಕ್ಕೆಯಿಂದ ಮೀನು ತುಂಬಿಸಿ ಮೂಡಬಿದ್ರೆ, ಶಿರ್ತಾಡಿ ಮುಗಿಸಿ ಬೆಳ್ತಂಗಡಿಯವರೆಗೆ ಹೋಗುತ್ತೇನೆ. ಸಫಿಯಮ್ಮ ಜೊತೆಗಿದ್ದಾರೆ. ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು, ಈಗ ನನ್ನ ಜೊತೆ ವ್ಯಾಪಾರ ನೋಡಿಕೊಳ್ಳುತ್ತಾರೆ. ಐಸು ಕರಗಿ ಉಪ್ಪುನೀರು ಬಾಡಿಯಲ್ಲಿ ನಿಲ್ಲುತ್ತದೆ. ಧಕ್ಕೆಯಲ್ಲಿ ಒಬ್ಬ ಪ್ಲಾಸ್ಟಿಕ್ ಲೈನರ್ ಹಾಕಿಸು ಅನ್ನುತ್ತಾನೆ, ಒಬ್ಬ ಉಬ್ಬುಗೆರೆಯ ಕಬ್ಬಿಣದ ಚೆಕ್ಕರ್ ಪ್ಲೇಟ್ ಅನ್ನುತ್ತಾನೆ, ಇನ್ನೊಬ್ಬ ರಬ್ಬರ್ ಮ್ಯಾಟ್ ಸಾಕು ಅನ್ನುತ್ತಾನೆ. ನೀವು ನಲವತ್ತು ವರ್ಷ ಟಿಂಕರ್ ಕೆಲಸ ಮಾಡಿದವರು. ತೆಳು ಎಂದು ಹೇಳಿ ಹೋಗುವುದು ಸುಲಭ. ಏನು ಮಾಡಬೇಕೆಂದು ಹೇಳಿ.

ನಿಮ್ಮ ಮಗಳು
ಭವ್ಯಶ್ರೀ


ವಾಮದಪದವು
9 ಆಗಸ್ಟ್ 2024

ಭವ್ಯಶ್ರೀಗೆ,

ಊಟ ಮಾಡದೆ ಹೋದದ್ದು ಬಸ್ಸು ತಪ್ಪುತ್ತದೆ ಎಂದು. ಅದರಲ್ಲಿ ಬೇರೆ ಅರ್ಥ ಹುಡುಕಬೇಡ.

ತಳಕ್ಕೆ ಏನೂ ಹಾಕಬೇಡ. ಉಪ್ಪುನೀರು ಎಂಥ ಲೈನರಿನ ಅಡಿಗೂ ಇಳಿಯುತ್ತದೆ. ಇಳಿದದ್ದು ಹೊರಗೆ ಬರುವುದಿಲ್ಲ. ಅಲ್ಲಿ ಗಾಳಿ ಇಲ್ಲ, ಬಿಸಿಲು ಇಲ್ಲ, ನಿನಗೆ ಕಾಣುವುದೂ ಇಲ್ಲ. ಕಂಪೆನಿಯ ಪೈಂಟಿನ ಮೇಲೆ ಎಪಾಕ್ಸಿ ಪೈಂಟ್ ಎರಡು ಕೋಟ್ ಹೊಡೆಸು. ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ತೆರೆದಿಡು. ದಿನಾ ವ್ಯಾಪಾರ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆ. ಡ್ರಿಲ್ ಮಾಡಲಿಕ್ಕೆ ಯಾರನ್ನೂ ಬಿಡಬೇಡ.

ಮೀನಿನ ಗಾಡಿಗಳ ತಳ ನಾನು ಎಷ್ಟು ಕತ್ತರಿಸಿ ತೆಗೆದಿದ್ದೇನೆ ಎಂದು ನಿನಗೆ ಗೊತ್ತಿಲ್ಲ. ನೀನು ಶೆಡ್ಡಿನೊಳಗೆ ಬಂದವಳಲ್ಲ.

ಇತಿ,
ಜತ್ತಪ್ಪ


ಶಿರ್ತಾಡಿ
25 ಆಗಸ್ಟ್ 2024

ಅಪ್ಪನಿಗೆ,

ಶೆಡ್ಡಿನೊಳಗೆ ಬಂದವಳಲ್ಲ ಎಂದು ಬರೆದಿದ್ದೀರಿ. ಬಂದಿದ್ದೆ. ಹತ್ತನೇ ಕ್ಲಾಸು ಮುಗಿದ ವರ್ಷದ ಮಳೆಗಾಲದಲ್ಲಿ ಬಂದು ಸುತ್ತಿಗೆ ಕೊಡಿ, ಕೆಲಸ ಕಲಿಸಿ ಎಂದು ಕೇಳಿದ್ದೆ. ನೀವು ಎಲ್ಲರೆದುರು, "ಹೆಣ್ಣುಮಕ್ಕಳಿಗೆ ಇಲ್ಲಿ ಎಂತ ಕೆಲಸ? ನಡೆ ಮನೆಗೆ" ಎಂದು ಗದರಿಸಿದಿರಿ. ಮರೆತಿದ್ದರೆ ನೆನಪಿಸುತ್ತಿದ್ದೇನೆ.

ದಿನಾ ತೊಳೆ ಎನ್ನುತ್ತೀರಿ. ನಾನು ಮನೆ ಮುಟ್ಟುವಾಗ ಎರಡು ಗಂಟೆ ದಾಟಿರುತ್ತದೆ. ನಿಮ್ಮ ಅಳಿಯ ನಿತೇಶ್ ಪಂಚಾಯಿತಿಯ ನೀರಿನ ಪಂಪು ನೋಡಿಕೊಳ್ಳುವವರು, ಊರಿಗೆಲ್ಲ ನೀರು ಬಿಡುತ್ತಾರೆ, ನಮ್ಮ ಮನೆಯ ನಳ್ಳಿಯಲ್ಲಿ ಮಾತ್ರ ದಿನ ಬಿಟ್ಟು ದಿನ. ಅಡಿಗೆ, ಬಟ್ಟೆ, ಮಗಳು ತೃಷಾಳ ಶಾಲೆ, ಎಲ್ಲ ಆದ ಮೇಲೆ ನಾನು ಬಾಡಿಯೊಳಗೆ ಹತ್ತಿ ತಿಕ್ಕುತ್ತಾ ಕೂರಬೇಕಾ? ಇದನ್ನೆಲ್ಲ ನೀವು ಯೋಚನೆ ಮಾಡುವುದಿಲ್ಲ. ತಗಡು ಒಂದೇ ನಿಮಗೆ ಕಾಣುವುದು.

ಮೂಡಬಿದ್ರೆಯಲ್ಲಿ ನೌಫಲ್ ಎಂಬವರ ಅಂಗಡಿಯಲ್ಲಿ ಲೈನರ್ ಹಾಕಿಸಿದೆ. ಕಪ್ಪು ಪ್ಲಾಸ್ಟಿಕ್, ತೊಟ್ಟಿಯ ಹಾಗೆ ಇಡೀ ಬಾಡಿಗೆ ಕೂರುತ್ತದೆ. ಹನ್ನೆರಡು ಸ್ಕ್ರೂ. ಚೆನ್ನಾಗಿ ಕಾಣುತ್ತದೆ. ಒಂದು ಬಕೆಟ್ ನೀರು ಹೊಯ್ದರೆ ಮೀನಿನ ಚಿಪ್ಪೆಲ್ಲ ಜಾರಿ ಹೋಗುತ್ತದೆ. ಅವರು ನಗುತ್ತಾ ಮಾತಾಡಿದರು, ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಅದೂ ಒಂದು ಸಮಾಧಾನ.

ಭವ್ಯಶ್ರೀ


ವಾಮದಪದವು
31 ಆಗಸ್ಟ್ 2024

ಹಾಕಿಸಿ ಆದ ಮೇಲೆ ನನಗೆ ಬರೆಯುವುದು ಎಂತಕ್ಕೆ? ಹನ್ನೆರಡು ಸ್ಕ್ರೂ ಎಂದರೆ ಹನ್ನೆರಡು ತೂತು.

ಎಲ್ಲರೂ ಕ್ಷೇಮ.

ಕೆ. ಜತ್ತಪ್ಪ, ಟಿಂಕರ್


ವಾಮದಪದವು
12 ಜನವರಿ 2025

ಭವ್ಯಶ್ರೀಗೆ,

ನಾಲ್ಕು ತಿಂಗಳು ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಈಗ ಬರೆಯಬೇಕಾಗಿ ಬಂತು.

ನಿನ್ನೆ ನಿನ್ನ ಅಮ್ಮ ನಿನ್ನ ಹತ್ತಿರ ಫೋನಿನಲ್ಲಿ ಮಾತಾಡುತ್ತಾ ತನ್ನ ಬಲಗೈ ಮಣಿಗಂಟನ್ನು ಹಿಡಿದುಕೊಂಡು ಮುಖ ಕಿವುಚಿದ್ದನ್ನು ನೋಡಿದೆ. ಯಾರ ಕೈಗೆ ಏನಾಯಿತು ಎಂದು ಕೇಳಿದೆ. "ಎಂತ ಇಲ್ಲ" ಎಂದಳು. ಅವಳ ತುಟಿಯಲ್ಲಿ ಬೇರೆ ಯಾವ ಮಾತು ಗೊತ್ತಾಗದಿದ್ದರೂ ಆ ಎರಡು ಶಬ್ದ ನನಗೆ ಚೆನ್ನಾಗಿ ಗೊತ್ತಾಗುತ್ತದೆ.

ನಿನ್ನ ಕೈಯಾ? ಹೌದಾದರೆ ಹೌದೆಂದು ಬರೆ. ಪ್ಲಾಸ್ಟಿಕ್ಕಿನ ವಿಷಯ ನಾನು ಎತ್ತುವುದಿಲ್ಲ.

ಅಪ್ಪ


ಶಿರ್ತಾಡಿ
20 ಜನವರಿ 2025

ಅಪ್ಪನಿಗೆ,

ನನ್ನ ಕೈಯಲ್ಲ. ನನ್ನದಾಗಿದ್ದರೆ ಇಷ್ಟು ಬೇಸರ ಇರುತ್ತಿರಲಿಲ್ಲ.

ಬೆಳ್ತಂಗಡಿಯಲ್ಲಿ ನಾವು ಗಾಡಿ ನಿಲ್ಲಿಸುವುದು ಸ್ವಲ್ಪ ಇಳಿಜಾರಿನಲ್ಲಿ. ಹೊಸವರ್ಷದ ಮರುದಿನ ಹಿಂದಿನ ಬಾಗಿಲು ತೆರೆದು ಸಫಿಯಮ್ಮ ಮೇಲೆ ಹತ್ತಿದರು, ಬಂಗುಡೆ ಮೀನಿನ ಬಾಕ್ಸ್ ಎಳೆಯಲಿಕ್ಕೆ. ಲೈನರ್ ಒದ್ದೆಯಾದರೆ ಸಾಬೂನು ಹಚ್ಚಿದ ಹಾಗೆ. ಅದು ನನಗೆ ಮೊದಲ ವಾರವೇ ಗೊತ್ತಾಗಿತ್ತು. ನಾನೇ ಎರಡು ಸಲ ಜಾರಿದ್ದೆ. ಯಾರಿಗೂ ಹೇಳಲಿಲ್ಲ, ಯಾಕೆಂದರೆ ಹೇಳಿದ್ದರೆ ಅದು ಹೇಗಾದರೂ ನಿಮ್ಮವರೆಗೆ ಬರುತ್ತಿತ್ತು. ಸಫಿಯಮ್ಮನ ಕಾಲು ಜಾರಿತು. ಅವರು ಕೈ ಊರಿ ಬಿದ್ದರು, ಮೇಲಿಂದ ತುಂಬಿದ ಬಾಕ್ಸ್ ಜಾರಿ ಬಂದು ಅದೇ ಕೈಯ ಮೇಲೆ ಕುಳಿತಿತು. ಮಣಿಗಂಟು ಮುರಿಯಿತು. ಎರಡು ಕಡೆ.

ಆಸ್ಪತ್ರೆಯಲ್ಲಿ ಅವರು ನನ್ನನ್ನೇ ಸಮಾಧಾನ ಮಾಡಿದರು. "ನೀನು ಯಾಕೆ ಅಳುವುದು ಮಗಳೇ, ಮೀನು ಹಾಳಾಗ್ತದೆ, ಹೋಗಿ ಮಾರಿ ಬಾ." ಈಗ ಪ್ಲಾಸ್ಟರ್ ಹಾಕಿದ ಕೈ ಕುತ್ತಿಗೆಗೆ ಕಟ್ಟಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರುತ್ತಾರೆ, ಅಲ್ಲಿಂದಲೇ ಗಿರಾಕಿಗಳನ್ನು ಕರೆಯುತ್ತಾರೆ. ಬೇಡ ಎಂದರೆ ಕೇಳುವುದಿಲ್ಲ. ಅವರು ಒಂದು ಬೈಗುಳವನ್ನಾದರೂ ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ಪ್ಲಾಸ್ಟಿಕ್ಕಿನ ವಿಷಯ ಎತ್ತುವುದಿಲ್ಲ ಎಂದು ಬರೆದಿದ್ದೀರಿ. ಎತ್ತಿ. ನೀವು ಹೇಳಿದ್ದು ಸರಿ. ಆದರೆ ಹೇಳುವಾಗ ಸ್ವಲ್ಪ ಬೇರೆ ರೀತಿ ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಏನೋ. ಶೆಡ್ಡಿನ ಮಾತು ಯಾಕೆ ಬರೆದಿರಿ?

ಭವ್ಯಶ್ರೀ


ವಾಮದಪದವು
2 ಫೆಬ್ರವರಿ 2025

ಪ್ರೀತಿಯ ಭವ್ಯಶ್ರೀಗೆ,

ಹತ್ತು ದಿನ ಕಾಗದ ಎದುರಿಗಿಟ್ಟುಕೊಂಡು ಕೂತೆ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ನೀನು ಸುತ್ತಿಗೆ ಕೇಳಿದ ವರ್ಷ, 2006. ಆ ಮಳೆಗಾಲದ ಮೊದಲು ಕೆಂಪುಕಲ್ಲಿನ ಕೋರೆಯ ಒಬ್ಬ ಧಣಿ ತನ್ನ ಲಾರಿ ತಂದ. ತಳದ ತಗಡು ಮುಗಿದಿತ್ತು. ಸ್ಕ್ರೂಡ್ರೈವರ್ ಒತ್ತಿದೆ, ಹಪ್ಪಳಕ್ಕೆ ಹೋದ ಹಾಗೆ ಒಳಗೆ ಹೋಯಿತು. ಎಲ್ಲ ಕತ್ತರಿಸಿ ತೆಗೆಯಬೇಕು, ಎಂಟು ದಿನ ಬೇಕು ಎಂದೆ. ಅವನು, "ಮೇಲಿಂದ ಒಂದು ಶೀಟ್ ಹೊಡಿ ಮಾರಾಯ, ಮಳೆ ಕಳೆದ ಮೇಲೆ ನೋಡುವ" ಎಂದ. ಎರಡು ದಿನದಲ್ಲಿ ಹೊಸ ಚೆಕ್ಕರ್ ಶೀಟ್ ಮುಚ್ಚಿ, ಅಂಚಿಗೆ ಅಲ್ಲಲ್ಲಿ ವೆಲ್ಡ್ ಇಟ್ಟು, ಕಪ್ಪು ಪೈಂಟ್ ಹೊಡೆದು ಕೊಟ್ಟೆ. ನೋಡಲಿಕ್ಕೆ ಹೊಸ ಲಾರಿ.

ಎರಡು ವಾರ ಕಳೆಯಲಿಲ್ಲ. ಕಲ್ಲು ತುಂಬಿಸುವಾಗ ತಳ ಕುಸಿಯಿತು. ಮೇಲೆ ನಿಂತಿದ್ದ ಲೋಡಿಂಗಿನವನ ಬಲಗಾಲು ಶೀಟಿನ ಮತ್ತು ಚಾಸಿಯ ನಡುವೆ ಇಳಿಯಿತು, ಅದರ ಮೇಲೆ ಕಲ್ಲು ಬಿತ್ತು. ಪಾದ ಕತ್ತರಿಸಬೇಕಾಯಿತು. ತನಿಯಪ್ಪ ಎಂದು ಅವನ ಹೆಸರು. ಗುರುವಾಯನಕೆರೆಯ ಹತ್ತಿರದವನು. ಆಗ ಮೂವತ್ತು ವರ್ಷ ಇದ್ದಿರಬಹುದು. ಓವರ್‌ಲೋಡ್ ಎಂದು ಧಣಿ ಎಲ್ಲರಿಗೂ ಹೇಳಿದ. ನನ್ನನ್ನು ಯಾರೂ ಕೇಳಲಿಲ್ಲ. ಯಾರಾದರೂ ಬಂದು ಕೇಳುತ್ತಾರೆ ಎಂದು ಒಂದು ವರ್ಷ ಕಾದೆ. ಯಾರೂ ಬರಲಿಲ್ಲ. ಆಮೇಲೆ ನಾನೇ ಹೋಗುವುದಕ್ಕೆ ತಡವಾಗಿತ್ತು.

ಆ ತಳ ಕುಸಿದ ಮುಂದಿನ ವಾರವೇ ನೀನು ಬಂದು ಸುತ್ತಿಗೆ ಕೇಳಿದ್ದು. ನನ್ನ ಕೈಯಿಂದ ಆ ಕೆಲಸವನ್ನು ನಿನಗೆ ಕೊಡಲಿಕ್ಕೆ ಆಗಲಿಲ್ಲ. ಬಾಯಿಗೆ ಬಂದ ಕಾರಣ ಹೇಳಿ ಓಡಿಸಿದೆ.

ಲೈನರ್ ತೆಗೆಸು. ಒಂದು ದಿನವೂ ಬಿಡಬೇಡ. ತಳ ಹೇಗಿದೆ ಎಂದು ಬರೆ.

ಅಪ್ಪ


ಶಿರ್ತಾಡಿ
23 ಫೆಬ್ರವರಿ 2025

ಅಪ್ಪನಿಗೆ,

ನಿಮ್ಮ ಕಾಗದ ಓದಿ ಮೊದಲು ಬಂದದ್ದು ಸಿಟ್ಟು. ಹದಿನೆಂಟು ವರ್ಷ ನಾನು ಹೆಣ್ಣು ಎಂಬ ಕಾರಣಕ್ಕೆ ನೀವು ಓಡಿಸಿದಿರಿ ಎಂದುಕೊಂಡು ಬದುಕಿದೆ. ಡ್ರೈವಿಂಗ್ ಕಲಿತದ್ದು, ಸಾಲು ಸಾಲು ಗಂಡಸರ ನಡುವೆ ಧಕ್ಕೆಯಲ್ಲಿ ನಿಂತದ್ದು, ಎಲ್ಲ ನಿಮಗೆ ತೋರಿಸಲಿಕ್ಕೆ. ನಿಮಗೆ ಸುಲಭ ಆಯಿತೆಂದು ನನ್ನನ್ನು ಹಾಗೆಯೇ ಬಿಟ್ಟಿರಿ.

ಲೈನರ್ ತೆಗೆದೆವು. ನಿತೇಶ್ ಸ್ಕ್ರೂ ಬಿಚ್ಚಿದರು, ಇಬ್ಬರೂ ಸೇರಿ ಎತ್ತಿದೆವು. ಅಡಿಯಿಂದ ಬಂದ ವಾಸನೆಗೆ ತೃಷಾ ಮೂಗು ಮುಚ್ಚಿಕೊಂಡು ಮನೆಯೊಳಗೆ ಓಡಿದಳು. ಕೊಳೆತ ನೀರು, ಚಿಪ್ಪು, ಉಪ್ಪಿನ ಬಿಳಿ ಹೊಪ್ಪಳೆ. ಪ್ಲಾಸ್ಟಿಕ್ ಉಜ್ಜಿ ಉಜ್ಜಿ ಪೈಂಟ್ ಹೋಗಿತ್ತು. ಹನ್ನೆರಡು ತೂತುಗಳ ಸುತ್ತ ತುಕ್ಕು, ಅದರಲ್ಲಿ ಐದು ಕಡೆ ಬೆರಳು ತೂರುವಷ್ಟು. ಆರು ತಿಂಗಳ ಗಾಡಿ! ನೌಫಲ್ ಬಂದು ನೋಡಿ ಮುಖ ಸಣ್ಣ ಮಾಡಿದರು. "ಮೀನಿಗೆ ಅಂತ ನೀವು ಹೇಳಿದ್ರಿ, ಉಪ್ಪುನೀರು ಅಡಿಗೆ ಹೋಗ್ತದೆ ಅಂತ ನನಗೇ ಅಂದಾಜು ಇರ್ಲಿಲ್ಲ" ಎಂದರು. ಅವರ ಮೇಲೆ ಕೂಗಾಡಬೇಕೆಂದು ಬಾಯಿ ತೆರೆದೆ. ನಿಮ್ಮ ಆಗಸ್ಟಿನ ಕಾಗದ ನೆನಪಾಗಿ ಮುಚ್ಚಿದೆ.

ಗ್ಯಾರೇಜಿನವರು ತುಕ್ಕಿನ ಭಾಗ ಕತ್ತರಿಸಿ ಹೊಸ ತಗಡು ಕೂರಿಸಿದ್ದಾರೆ. ಮೇಲಿಂದ ಮುಚ್ಚಿದ್ದಲ್ಲ, ಕತ್ತರಿಸಿಯೇ. ನಾನು ಪಕ್ಕದಲ್ಲಿ ನಿಂತು ನೋಡಿದೆ. ಎಪಾಕ್ಸಿ ಎರಡು ಕೋಟ್. ಎರಡನೆಯದು ಹಸಿ ಇರುವಾಗ ಜರಡಿ ಹಿಡಿದ ಮರಳು ಉದುರಿಸಿದೆ, ಕಾಲು ಜಾರಬಾರದೆಂದು. ಇದು ನನ್ನ ಯೋಚನೆ. ಮರಳಿನಲ್ಲಿ ನೀರು ನಿಲ್ಲುತ್ತದೆ ಎಂದು ನೀವು ಹೇಳುತ್ತೀರಿ, ಗೊತ್ತುಂಟು. ತೊಳೆಯುತ್ತೇನೆ. ನಿತೇಶ್ ಬಾವಿಗೆ ಒಂದು ಸಣ್ಣ ಪಂಪು ಇಟ್ಟಿದ್ದಾರೆ, ದಿನಾ ಅವರೂ ಕೈ ಹಾಕುತ್ತಾರೆ. ಆಗಸ್ಟಿನಲ್ಲೇ ಕೇಳಿದ್ದರೆ ಆಗಲೇ ಇಡುತ್ತಿದ್ದರಂತೆ. ನಾನು ಕೇಳಿರಲಿಲ್ಲ.

ಇನ್ನೊಂದು. ನಾನು ತನಿಯಪ್ಪನವರನ್ನು ನೋಡಿದೆ. ಗುರುವಾಯನಕೆರೆಯಲ್ಲಿ ವಿಚಾರಿಸಿದರೆ ಕೂಡಲೇ ಸಿಕ್ಕಿದರು. ರಸ್ತೆಯ ಬದಿಯಲ್ಲಿ ಗೂಡಂಗಡಿ ಇಟ್ಟಿದ್ದಾರೆ. ರಬ್ಬರಿನ ಕೃತಕ ಪಾದ. ಮೊದಲ ದಿನ ಸೋಡ ಕುಡಿದು ಬಂದೆ. ಮೂರನೆಯ ದಿನ ಯಾರ ಮಗಳು ಎಂದು ಹೇಳಿದೆ. ಅವರು ಸೋಡದ ಬಾಟ್ಲಿ ಒರೆಸುತ್ತಲೇ ಇದ್ದರು. ಅದನ್ನು ಸಾಲಿನಲ್ಲಿಟ್ಟು, "ಜತ್ತಪ್ಪನಿಗೆ ಹೇಳು, ನಾನು ಸತ್ತಿಲ್ಲ. ವಾಮದಪದವಿನಿಂದ ಇಲ್ಲಿಗೆ ಬಸ್ಸು ಉಂಟು" ಎಂದರು.

ಭವ್ಯಶ್ರೀ


ವಾಮದಪದವು
1 ಮಾರ್ಚ್ 2025

ಭವ್ಯಶ್ರೀ,

ಯಾರು ಹೋಗಲಿಕ್ಕೆ ಹೇಳಿದ್ದು ನಿನಗೆ? ನಾನು ಬರೆದದ್ದು ನಿನಗೆ ತಿಳಿಯಲಿ ಎಂದು. ಊರಲ್ಲಿ ವಿಚಾರಿಸಲಿ ಎಂದಲ್ಲ. ನನ್ನ ಪರವಾಗಿ ನೀನು ಸೋಡ ಕುಡಿಯಬೇಕಾಗಿರಲಿಲ್ಲ.

ಮರಳಿನಲ್ಲಿ ನೀರು ನಿಲ್ಲುತ್ತದೆ.

ಜತ್ತಪ್ಪ


ವಾಮದಪದವು
30 ಮಾರ್ಚ್ 2025

ಪ್ರೀತಿಯ ಭವ್ಯಶ್ರೀಗೆ,

ಹೋದೆ.

ಬುಧವಾರ ಬೆಳಿಗ್ಗೆ ಹೊರಟೆ. ಅಮ್ಮನಿಗೆ ವೆಲ್ಡಿಂಗ್ ರಾಡ್ ತರಲಿಕ್ಕೆ ಎಂದು ಹೇಳಿದೆ. ಅಂಗಡಿ ಸಿಕ್ಕಿತು, ಅವನೂ ಸಿಕ್ಕಿದ. ತಲೆ ಪೂರಾ ನರೆತಿದೆ. ನನ್ನ ಗುರುತು ಹಿಡಿದ. ನಾನು ಬಸ್ಸಿನಲ್ಲಿ ಎಷ್ಟೋ ಮಾತು ಕೂಡಿಸಿಕೊಂಡು ಹೋಗಿದ್ದೆ. ಅವನು ಬಾಯಿ ತೆರೆಯಲಿಕ್ಕೆ ಬಿಡಲಿಲ್ಲ, ತಾನೇ ಶುರು ಮಾಡಿದ.

ಅರ್ಧ ಗಂಟೆ ಮಾತಾಡಿದ. ನನಗೆ ಒಂದು ಶಬ್ದ ಕೇಳಿಸಲಿಲ್ಲ.

ಅವನ ತುಟಿ ನೋಡಿದೆ. ಬೀಡಾ ತಿನ್ನುವ ಬಾಯಿ, ಏನೂ ಗೊತ್ತಾಗಲಿಲ್ಲ. ಒಮ್ಮೆ ಕೌಂಟರಿಗೆ ಬಡಿದ, ಬಾಟ್ಲಿಗಳು ಅಲ್ಲಾಡಿದವು. ಒಮ್ಮೆ ಕಣ್ಣು ಒರೆಸಿಕೊಂಡ. ನನಗೆ ಕಿವಿ ಕೇಳುವುದಿಲ್ಲ ಎಂದು ಹೇಳಲಿಕ್ಕೆ ಮೂರು ಸಲ ಬಾಯಿ ತೆರೆದೆ. ಅದು ನೆಪದ ಹಾಗೆ ಕಾಣುತ್ತದೆ ಎಂದು ತೋರಿತು. ಇಷ್ಟು ವರ್ಷ ಬಿಟ್ಟು ಬಂದು ಕೇಳುವುದಿಲ್ಲ ಎಂದರೆ? ಗಿರಾಕಿಗಳೆದುರು ಮಾಡುವ ಅಭ್ಯಾಸದಿಂದ ತಲೆ ಆಡಿಸುತ್ತಾ ನಿಂತೆ. ಕೊನೆಗೆ ಒಂದು ಸೋಡ ಒಡೆದು ಎದುರಿಗಿಟ್ಟ. ಕುಡಿದೆ. ಅದು ಕ್ಷಮಿಸಿ ಕೊಟ್ಟದ್ದೋ, ಬೈದು ಬೈದು ಸುಸ್ತಾಗಿ ಕೊಟ್ಟದ್ದೋ ತಿಳಿಯಲಿಲ್ಲ. ಬಸ್ಸು ಹತ್ತಿದೆ.

ಇಂಥ ದರಿದ್ರ ಕಿವಿ! ಬೈಗುಳ ತಿನ್ನಲಿಕ್ಕೆಂದೇ ಹೋದವನಿಗೆ ಅದೂ ದಕ್ಕಲಿಲ್ಲ. ಮನೆಗೆ ಬಂದು ಶೆಡ್ಡಿನಲ್ಲಿ ಕೂತು ಒಂದು ಹಳೆ ಬಾನೆಟ್ಟಿಗೆ ಸುಮ್ಮನೆ ಬಡಿದೆ. ಅದೂ ಕೇಳಿಸಲಿಲ್ಲ.

ಹೋಗಬೇಡ ಎಂದು ಬರೆದವನು ಈಗ ಕೇಳುತ್ತಿದ್ದೇನೆ. ನೀನು ಹೋಗು. ಅವನು ಅಂದು ಏನು ಹೇಳಿದ ಎಂದು ಕೇಳಿಕೊಂಡು ಬಾ. ನಿನ್ನ ಅಮ್ಮನ ಹಾಗೆ ಅರ್ಧ ನುಂಗಬೇಡ. ಎಷ್ಟು ಕೆಟ್ಟದಿದ್ದರೂ ಪೂರ್ತಿ ಬರೆ.

ಅಪ್ಪ


ಶಿರ್ತಾಡಿ
13 ಏಪ್ರಿಲ್ 2025

ಅಪ್ಪನಿಗೆ,

ಪೂರ್ತಿ ಬರೆಯುತ್ತಿದ್ದೇನೆ.

ನಾನು ಹೋದಾಗ ತನಿಯಪ್ಪನವರು ಮೊದಲು ಗಾಡಿಯ ಹತ್ತಿರ ಬಂದರು. ಹಿಂದಿನ ಬಾಗಿಲು ತೆರೆಯಲು ಹೇಳಿ, ತಳದ ಮೇಲೆ ಕೈ ಆಡಿಸಿ, "ಮರಳು ಹಾಕಿದ್ದೀಯಾ? ಒಳ್ಳೆಯದು. ಮೇಲಿಂದ ಏನೂ ಮುಚ್ಚಬೇಡ" ಎಂದರು. ನಿಮ್ಮ ಹೆಸರು ನಾನಾಗಿ ಎತ್ತಲಿಲ್ಲ. ಅವರೇ ಎತ್ತಿದರು.

ನಿಮಗೆ ಹೇಳಿದ್ದೆಲ್ಲ ನನಗೆ ಹೇಳಿದರು. ಆಸ್ಪತ್ರೆಯಲ್ಲಿ ನಲವತ್ತೊಂದು ದಿನ. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಆಮೇಲೆ ಯಾರೂ ಹೆಣ್ಣು ಕೊಡಲಿಲ್ಲ. ತಮ್ಮನ ಮನೆಯಲ್ಲಿ ಹಂಗಿನ ಊಟ. ತೆಂಗಿನಮರ ಹತ್ತುವುದರಲ್ಲಿ ಊರಿಗೇ ಮೊದಲಿಗರಾಗಿದ್ದರಂತೆ, ಈಗ ನೆರೆಮನೆಯವರ ಹತ್ತಿರ ಎಳನೀರು ಕೇಳಬೇಕು. ನಿಮ್ಮನ್ನು ನಾಯಿ ಎಂದು ಬೈದರಂತೆ. ಇನ್ನೂ ಎರಡು ಶಬ್ದ ಬೈದರಂತೆ, ಅವು ತುಳುವಿನವು, ಕನ್ನಡದಲ್ಲಿ ಬರೆಯಲಿಕ್ಕೆ ನನಗೆ ಬರುವುದಿಲ್ಲ. ನಿಮಗೆ ಗೊತ್ತಾಗಬಹುದು.

ಕೊನೆಗೆ ಒಂದು ಪ್ರಶ್ನೆ ಕೇಳಿದರಂತೆ. ಅದನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

"ಅಡಿಯಲ್ಲಿ ತಗಡು ಹೋಗಿದೆ ಅಂತ ನಿನಗೆ ಗೊತ್ತಿತ್ತಾ ಅಂತ ಕೇಳಿದೆ ಮಾರಾಯ್ತಿ. ಧಣಿ ಓವರ್‌ಲೋಡ್ ಅಂದ. ಊರಿನವರು ಎಲ್ಲ ನನ್ನ ಗ್ರಹಚಾರ ಅಂದ್ರು. ನಾನೇ ಸರಿಯಾಗಿ ನಿಲ್ಲಲಿಲ್ಲ ಅಂತ ಕೂಡ ಹೇಳಿದ್ರು. ಇಷ್ಟು ವರ್ಷದಲ್ಲಿ ನನಗೂ ಹಾಗೇ ಕಾಣ್ಲಿಕ್ಕೆ ಶುರು ಆಗಿತ್ತು, ನಾನೇ ಕಾಲು ತಪ್ಪಿಟ್ಟೆನೋ ಏನೋ ಅಂತ. ನಿನ್ನ ಅಪ್ಪ ತಲೆ ಆಡಿಸಿದ. ಹೌದು ಅಂತ. ಇನ್ನೊಮ್ಮೆ ಕೇಳಿದೆ, ಆಗಲೂ ತಲೆ ಆಡಿಸಿದ. ಒಂದು ನೆಪ ಹೇಳಲಿಲ್ಲ. ಅದಕ್ಕೇ ಸೋಡ ಕೊಟ್ಟದ್ದು."

ನಿಮಗೆ ಕಿವಿ ಕೇಳುವುದಿಲ್ಲ ಎಂಬುದು ನಾಲಿಗೆಯ ತುದಿಯವರೆಗೆ ಬಂತು. ಅವರ ಮುಖ ನೋಡಿ ಹೇಳಲಿಕ್ಕೆ ಮನಸ್ಸಾಗಲಿಲ್ಲ. ಹೇಳದೆ ಬಂದದ್ದಕ್ಕೆ ದಾರಿಯುದ್ದಕ್ಕೂ ನನ್ನ ಮೇಲೆಯೇ ಸಿಟ್ಟು ಬಂತು. ಸಫಿಯಮ್ಮ (ಪ್ಲಾಸ್ಟರ್ ಬಿಚ್ಚಿದ್ದಾರೆ, ಈಗ ಕೈ ಸ್ವಲ್ಪ ಆಡುತ್ತದೆ) "ಎಂತ ಆಯ್ತು?" ಎಂದು ಕೇಳಿದರು. ಮೀನಿನ ಲೆಕ್ಕದ ಮಾತು ತೆಗೆದೆ.

ಏನು ಮಾಡಬೇಕೆಂದು ನೀವೇ ನೋಡಿ.

ನಿಮ್ಮ
ಭವ್ಯಶ್ರೀ


ವಾಮದಪದವು
21 ಏಪ್ರಿಲ್ 2025

ಪ್ರೀತಿಯ ಭವ್ಯಶ್ರೀಗೆ,

ಆ ಎರಡು ಶಬ್ದ ಯಾವುವೆಂದು ಗೊತ್ತಾಯಿತು.

ಪ್ರಶ್ನೆ ಕೇಳಿಸಿದ್ದರೆ ನಾನು ಧಣಿಯಿಂದ ಶುರು ಮಾಡುತ್ತಿದ್ದೆ. ಎಂಟು ದಿನ ಕೇಳಿದ್ದೆ, ಅವನು ಕೊಡಲಿಲ್ಲ, ಮನೆಯಲ್ಲಿ ಹೀಗಿತ್ತು ಹಾಗಿತ್ತು ಎಂದು. ಹೌದು ಎಂಬ ಮಾತು ಬರುತ್ತಿತ್ತೋ ಇಲ್ಲವೋ ನನಗೆ ಖಾತ್ರಿ ಇಲ್ಲ. ಕೇಳಿಸದೆ ತಲೆ ಆಡಿಸಿದ್ದನ್ನು ಅವನು ಉತ್ತರ ಎಂದು ಇಟ್ಟುಕೊಂಡಿದ್ದಾನೆ. ಅದು ಹಾಗೆಯೇ ಇರಲಿ ಎಂದು ಎರಡು ದಿನ ಅನಿಸಿತು. ಮೂರನೆಯ ದಿನ ಅನಿಸಲಿಲ್ಲ.

ಇವತ್ತು ಅವನ ಅಂಗಡಿಯ ವಿಳಾಸಕ್ಕೆ ಒಂದು ಕಾರ್ಡು ಹಾಕಿದೆ. ನನಗೆ ಕಿವಿ ಕೇಳುವುದಿಲ್ಲ, ಅಂದು ನಿನ್ನ ಪ್ರಶ್ನೆ ಕೇಳಿಸಲಿಲ್ಲ, ಈಗ ಮಗಳು ಬರೆದು ತಿಳಿಸಿದಳು, ಉತ್ತರ ಹೌದು, ಗೊತ್ತಿತ್ತು ಎಂದು ಬರೆದೆ. ಧಣಿಯ ಹೆಸರು ಬರೆಯಲಿಲ್ಲ.

ಇಷ್ಟು ಬರೆಯಲಿಕ್ಕೆ ನಾಲ್ಕು ಕಾರ್ಡು ಹಾಳಾಯಿತು. ಮೊದಲ ಮೂರರಲ್ಲೂ ಧಣಿ ಬಂದಿದ್ದ.

ಅಪ್ಪ